ಹತ್ತು ನಿಮಿಷದ ಪೇಷಂಟು

ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಮಾತ್ರ ಧೂಳಿಲ್ಲ, ಯಾರೋ ಒರೆಸಲು ಏಣಿ ಹತ್ತಿ ಒಂದನ್ನು ಮುಗಿಸುವಷ್ಟರಲ್ಲಿ ಕರೆ ಬಂದು ಇಳಿದು ಹೋಗಿರಬೇಕು, ಇಪ್ಪತ್ತಾರು ವರ್ಷದಿಂದ ಇದೇ ಕೋಣೆಯಲ್ಲಿ ಪಾಠ ಮಾಡುತ್ತಿದ್ದೇನೆ, ಒಂದು ದಿನವೂ ಇದು ಕಣ್ಣಿಗೆ ಬಿದ್ದಿರಲಿಲ್ಲ — ಬೀಳುವುದಾದರೂ ಹೇಗೆ, ನಿಂತವರಿಗೆ ಹಾಸಿಗೆ ಕಾಣುತ್ತದೆ, ಸೂರು ಕಾಣಬೇಕಾದರೆ ಮಲಗಬೇಕು, ಮಲಗಿದ್ದೇನೆ, ರೆಕ್ಸಿನ್ ಹಾಸಿಗೆ ಕತ್ತಿನ ಹಿಂದೆ ಅಂಟುತ್ತಿದೆ, ದಿಂಬು ಯಾವ ಕಾಲದ್ದೋ, ಒಳಗಿನ ಹತ್ತಿ ಎರಡು ಗಂಟಾಗಿ ಎರಡು ಕಡೆ ಸರಿದು ನಡುವೆ ನನ್ನ ತಲೆಗೆ ಹಳ್ಳ. ಈ ಹಾಸಿಗೆ ನಾಟಕದ ಮೇಷ್ಟ್ರದ್ದು. ಕೆಲಸದಿಂದ ನಿವೃತ್ತರಾದ ಮೇಲೆ ನಮ್ಮ ನರ್ಸಿಂಗ್ ಕಾಲೇಜಿಗೆ ಬಂದು ಪೇಷಂಟಿನ ಪಾರ್ಟು ಮಾಡುತ್ತಾರೆ, ಹುಡುಗಿಯರು ಅವರ ಮೇಲೆ ಕಲಿಯುತ್ತಾರೆ, ಬರೀ ಕೆಮ್ಮು ಸಾಕು ಮೇಷ್ಟ್ರೇ ಎಂದರೆ ಪ್ರಾಣವನ್ನೇ ಬಿಟ್ಟುಬಿಡುವ ಮನುಷ್ಯ, ಒಮ್ಮೆ ಅಜೀರ್ಣದ ಪೇಷಂಟಾಗಿ ಮಲಗಿ ಸತ್ತೇ ಹೋಗಿ ಎರಡನೇ ವರ್ಷದವಳೊಬ್ಬಳನ್ನು ಗೊಳೋ ಎಂದು ಅಳಿಸಿದ್ದರು — ಇವತ್ತು ಬೆಳಿಗ್ಗೆ ಫೋನು, ಮೇಡಂ, ನಿಜವಾಗ್ಲೂ ಜ್ವರ ಬಂದಿದೆ, ಇದು ಪಾರ್ಟಲ್ಲ. ಚಿಕ್ಕ ಮೇಡಂ ಗಾಬರಿಯಾದಳು, ನನ್ನ ಕೈಕೆಳಗೆ ಕಲಿತು ಈಗ ನನ್ನ ಪಕ್ಕದ ಮೇಜಿನಲ್ಲಿ ಕೂರುವವಳು, ಹುಡುಗಿಯರಿಗೆ ಅವಳು ಚಿಕ್ಕ ಮೇಡಂ, ನಾನು ದೊಡ್ಡ ಮೇಡಂ, ಗೊಂಬೆ ಇಟ್ಬಿಡೋಣ್ವಾ ಮೇಡಂ, ಎದೆ ಬಡಿತಾನೂ ಬರುತ್ತೆ ಅದಕ್ಕೆ ಎಂದಳು. ಬೇಡ, ಗೊಂಬೆ ಯಾರ ಮುಖಾನೂ ನೋಡಲ್ಲ, ನಾನೇ ಮಲಗ್ತೀನಿ. ಹಾಗೆ ಮಲಗಿದ್ದೇನೆ, ಪಾರ್ಶ್ವವಾಯು ಹೊಡೆದ ಐವತ್ತೆಂಟರ ಹೆಂಗಸು, ಬಲಭಾಗ ಬಿದ್ದುಹೋಗಿದೆ, ಮಾತು ನಿಂತಿದೆ, ಕಿವಿ ಕೇಳುತ್ತದೆ, ಬುದ್ಧಿ ನೆಟ್ಟಗಿದೆ — ಬರೆದವಳು ನಾನೇ, ಪ್ರಾಕ್ಟಿಕಲ್ ಪರೀಕ್ಷೆ, ಒಬ್ಬೊಬ್ಬ ಹುಡುಗಿಗೆ ಹತ್ತು ನಿಮಿಷ, ಪಕ್ಕಕ್ಕೆ ಹೊರಳಿಸಿ, ಬಾಯಿ ಶುಚಿ ಮಾಡಿ, ಬೆನ್ನು ನೋಡಿ, ಮತ್ತೆ ಅಂಗಾತ ಮಲಗಿಸಬೇಕು, ಚೆಕ್‌ಲಿಸ್ಟಿನಲ್ಲಿ ಹನ್ನೊಂದು ಸಾಲು, ಅದನ್ನು ಬರೆದವಳೂ ನಾನೇ.

ಒತ್ತಕ್ಷರ ಇದ್ದಿದ್ದರೆ ನಗುತ್ತಿದ್ದರು. ನಮಗೆ ಕಲಿಸಿದ ಟ್ಯೂಟರಮ್ಮ, ಬೆನ್ನು, ಹೊಟ್ಟೆ, ಪಕ್ಕೆ ಎನ್ನುವಾಗ ಒತ್ತಿನ ಮೇಲೆ ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಿದ್ದರು, ಅದಕ್ಕೇ ಆ ಹೆಸರು, ಇಟ್ಟವಳು ನನ್ನ ರೂಮಿನ ಗೆಳತಿ, ಅವರು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದರು. ಬೆಳಿಗ್ಗೆ ಎರಡು ಗಂಟೆ ನೋಟ್ಸ್ ಹೇಳುವುದು, ನಾವು ಬರೆಯುವುದು, ಬೆರಳಿನ ಗೆಣ್ಣಿನಲ್ಲಿ ಶಾಯಿ, ಗಿಳಿಪಾಠ, ಕಣ್ಣು ಮುಚ್ಚಿ ಕೇಳಿದರೂ ಹಾಸಿಗೆ ಹುಣ್ಣಿನ ಏಳು ಕಾರಣ ಹೇಳುತ್ತಿದ್ದೆವು, ಏಳೂ ಗೊತ್ತು, ಹುಣ್ಣು ಮಾತ್ರ ಯಾರೂ ನೋಡಿಲ್ಲ. ಆಮೇಲೆ ಪ್ರಾಕ್ಟಿಕಲ್ ಕೋಣೆ, ಅಲ್ಲಿ ರಬ್ಬರ್ ಚಿಕ್ಕಮ್ಮ, ಒಂದು ಕಿವಿ ಹರಿದ ಹಳೇ ಗೊಂಬೆ, ಚಿಕ್ಕಮ್ಮನಿಗೆ ಸ್ನಾನ ಆಯ್ತಾ, ಚಿಕ್ಕಮ್ಮನ ಕೂದಲು ಬಾಚಿದ್ರಾ ಎಂದು ನಗು, ಚಿಕ್ಕಮ್ಮ ಯಾರ ಮನೆಯಲ್ಲೂ ಇಷ್ಟು ಸುಮ್ಮನೆ ಇರಲ್ಲ ಕಣೇ. ಇಂಜೆಕ್ಷನ್ ಕಲಿಯಲು ಕಿತ್ತಳೆ, ನಲವತ್ತು ಸಲ ಚುಚ್ಚಿಸಿಕೊಂಡು ಅದು ಸೊರಗಿ ಬತ್ತಿಹೋಗುತ್ತಿತ್ತು. ಒಂದು ದಿನ ನಮ್ಮ ನಗು ಜಾಸ್ತಿಯಾಯಿತು, ಒತ್ತಕ್ಷರ ಬಂದರು, ಗೊಂಬೆಯನ್ನು ಎತ್ತಿ ಕುರ್ಚಿಯ ಮೇಲೆ ಕೂರಿಸಿದರು, ನೀನು ಮಲಗು ಎಂದು ನನಗೇ, ನೀನು ತಿನ್ನಿಸು ಎಂದು ಗೆಳತಿಗೆ. ನನ್ನ ಕಣ್ಣಿಗೆ ಬಟ್ಟೆ ಕಟ್ಟಿದರು, ಕೈ ಎರಡೂ ಹೊದಿಕೆಯ ಒಳಗೆ. ಗಂಜಿ ಬಿಸಿಯೋ ತಣ್ಣಗೋ ಗೊತ್ತಿಲ್ಲ, ಚಮಚ ಯಾವಾಗ ಬರುತ್ತದೋ ಗೊತ್ತಿಲ್ಲ, ಬಾಯಿ ತೆರೆದುಕೊಂಡು ಕಾಯುವುದು, ಹಕ್ಕಿ ಮರಿಯ ಹಾಗೆ, ಅಷ್ಟು ನಾಚಿಕೆ ನನಗೆ ಬದುಕಿನಲ್ಲಿ ಆಗಿರಲಿಲ್ಲ, ಗಂಜಿ ಗದ್ದಕ್ಕೆ ಸುರಿದು ಕತ್ತಿನೊಳಗೆ ಇಳಿಯಿತು, ಯಾರೂ ನಗಲಿಲ್ಲ. ಬಟ್ಟೆ ಬಿಚ್ಚಿ ಒತ್ತಕ್ಷರ ಹೇಳಿದ್ದು ಒಂದೇ ಮಾತು, ಹೊಟ್ಟೆ ತುಂಬ್ತಾ? ಹೊಟ್ಟೆಯ ಒತ್ತಿನ ಮೇಲೆ ನಿಂತು. ಆ ದಿನವೆಲ್ಲ ನಾವು ಸರದಿಯ ಮೇಲೆ ಮಲಗಿದೆವು, ಎತ್ತಿಸಿಕೊಂಡೆವು, ಹೊರಳಿಸಿಕೊಂಡೆವು, ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಇಪ್ಪತ್ತೂ ಜನ ಕೂತಿದ್ದೆವು, ಗೆಳತಿ ಸಾರಿ ಕಣೇ, ತುಂಬಾ ಬಿಸಿ ಇತ್ತಾ ಎಂದಳು. ಈಗ ಇದಕ್ಕೆ ದೊಡ್ಡ ದೊಡ್ಡ ಹೆಸರು, ಅನುಭವಾಧಾರಿತ ಕಲಿಕೆ, ಕಾರ್ಯಾಗಾರಕ್ಕೆ ಹೋದರೆ ಪ್ರಮಾಣಪತ್ರ ಕೊಡುತ್ತಾರೆ, ಆಗ ಅದಕ್ಕೆ ಹೆಸರಿರಲಿಲ್ಲ, ಗಂಜಿ ಇತ್ತು.

ಬಾಗಿಲು. ರ‍್ಯಾಂಕಿನ ಹುಡುಗಿ, ಹೆಜ್ಜೆಯಲ್ಲೇ ಗೊತ್ತು, ಮೊದಲ ವರ್ಷದಿಂದ ಮೊದಲನೆಯವಳು. ನಮಸ್ತೆ ಅಮ್ಮಾ, ನಾನು ನಿಮ್ಮ ವಿದ್ಯಾರ್ಥಿ ನರ್ಸ್, ಈಗ ನಿಮ್ಮ ಬಾಯಿ ಶುಚಿ ಮಾಡ್ತೀನಿ — ಅಂಕ ಹಾಕಲು ಮೂಲೆಯಲ್ಲಿ ಕೂತ ಚಿಕ್ಕ ಮೇಡಂ ಪೆನ್ನು ಚೆಕ್‌ಲಿಸ್ಟಿನ ಮೇಲೆ ಟಕ್ಕೆಂದಿತು, ಒಂದನೇ ಸಾಲು. ಕೈ ತೊಳೆದಳು, ಪರದೆ ಎಳೆದಳು, ಟಕ್, ಟಕ್, ಭುಜಕ್ಕೊಂದು ಸೊಂಟಕ್ಕೊಂದು ಕೈ ಕೊಟ್ಟು ಎಷ್ಟು ಹಗುರಾಗಿ ಹೊರಳಿಸಿದಳು, ಭೇಷ್ ಎನ್ನಬೇಕು, ಎನ್ನುವಂತಿಲ್ಲ, ನನಗೆ ಮಾತಿಲ್ಲ. ಹತ್ತಿ ಸುತ್ತಿದ ಕಡ್ಡಿ ವಸಡಿನ ಮೇಲೆ, ಔಷಧದ ನೀರಿನ ಕಹಿ, ಬಟ್ಟಲು ಕೆನ್ನೆಯ ಕೆಳಗೆ, ಎಲ್ಲ ಸರಿ, ಎಲ್ಲ ಲೆಕ್ಕಕ್ಕೆ ಸರಿಯಾಗಿ, ಬೆನ್ನು ನೋಡಿದಳು, ಬೆನ್ನು ಸರಿಯಾಗಿದೆ ಅಮ್ಮಾ ಎಂದಳು, ಮತ್ತೆ ಅಂಗಾತ ಮಲಗಿಸಿದಳು — ಚುಚ್ಚಿತು. ಎಡ ಹೆಗಲ ಮೂಳೆಯ ಕೆಳಗೆ, ಗಟ್ಟಿಯಾಗಿ, ದುಂಡಗೆ, ಅಂಚಿನಲ್ಲಿ ಹಲ್ಲು ಹಲ್ಲು, ಔಷಧದ ಬಾಟಲಿಯ ಮುಚ್ಚಳ, ತೆರೆದು ಹಾಸಿಗೆಯ ಮೇಲಿಟ್ಟಿದ್ದಾಳೆ, ಮರೆತಿದ್ದಾಳೆ, ಅದರ ಮೇಲೇ ನನ್ನನ್ನು ಮಲಗಿಸಿದ್ದಾಳೆ. ಹೇಳಿಬಿಡಲೇ, ಒಂದು ಮಾತು, ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದವಳು ನಾನು, ಪೇಷಂಟ್ ಹೇಳಲ್ಲ, ನೀವು ನೋಡಬೇಕು. ಎಡಗೈ ಸ್ವಾಧೀನದಲ್ಲಿದೆಯಲ್ಲ, ಎತ್ತಿದೆ, ಬೆನ್ನಿನ ಕೆಳಗೆ ತೂರಿಸಲು ಹೋದರೆ ಮೊಣಕೈ ಅಷ್ಟು ಬಾಗುವುದಿಲ್ಲ, ಸೊಂಟದ ಹತ್ತಿರ ಹಾಸಿಗೆಯನ್ನು ತಟ್ಟಿದೆ, ಇನ್ನೊಮ್ಮೆ ತಟ್ಟಿದೆ. ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಮೆತ್ತಗೆ, ಮಗುವನ್ನು ಎತ್ತಿದ ಹಾಗೆ ಎತ್ತಿ ಹೊದಿಕೆಯ ಒಳಗಿಟ್ಟು ಅಂಚು ಸಿಕ್ಕಿಸಿದಳು. ಆರಾಮಾಗಿ ಮಲಗಿ ಅಮ್ಮಾ, ಏನೂ ಆಗಲ್ಲ. ಟಕ್. ಹನ್ನೊಂದಕ್ಕೆ ಹನ್ನೊಂದು. ಇನ್ನೂ ಎರಡು ನಿಮಿಷ ಬಾಕಿ.

ಆರಾಮಾಗಿ ಮಲಗು ಅಮ್ಮಾ, ಏನೂ ಆಗಲ್ಲ — ನಾನು ಹೇಳಿದ್ದೂ ಇದೇ, ಇದೇ ದನಿ, ನಾನು ಓದುತ್ತಿದ್ದ ಮೂರನೇ ವರ್ಷ. ಅಮ್ಮ ಹೊಲಿಗೆಯವಳು, ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ನು, ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡೇ ಮಾತು, ನನ್ನ ಮೊದಲ ಸಮವಸ್ತ್ರ ಅವಳೇ ಹೊಲಿದದ್ದು, ಜೇಬನ್ನು ಎರಡು ಸಲ ಬಿಚ್ಚಿ ಹೊಲಿದಳು, ಪೆನ್ನು ಇಟ್ರೆ ಜೋಲಬಾರದು ಕಣೇ, ನರ್ಸಮ್ಮ ಅಂದ್ರೆ ನೆಟ್ಟಗಿರಬೇಕು. ಹಾಕಿಕೊಂಡು ನಿಂತಾಗ ಸುತ್ತ ಒಂದು ಸುತ್ತು ಬಂದು ಭುಜದ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಹೇಗಿದೀಯ ಎನ್ನಲಿಲ್ಲ, ಹೊಲಿಗೆ ಕೂತಿದೆ ಎಂದಳು, ಅವಳ ಮುದ್ದು ಅಷ್ಟೇ. ಅವಳು ಮೆಷಿನ್ನಿನ ಮೇಲೇ ವಾಲಿಬಿದ್ದಾಗ ಅಣ್ಣ ತಂದು ಸೇರಿಸಿದ್ದು ನಾವು ಕಲಿಯುತ್ತಿದ್ದ ಆಸ್ಪತ್ರೆಗೇ, ಹೆಂಗಸರ ವಾರ್ಡು, ಕಿಟಕಿಯಿಂದ ಎರಡನೇ ಹಾಸಿಗೆ, ಬಲಭಾಗ ಹೋಗಿತ್ತು, ಮಾತು ಹೋಗಿತ್ತು. ಆರು ದಿನ. ನಾನೇ ನೋಡ್ಕೋತೀನಿ ಟ್ಯೂಟರಮ್ಮ ಎಂದೆ, ಒತ್ತಕ್ಷರ ಆಗಲಿ ಎಂದರು, ಒಬ್ಬ ರೋಗಿಯ ಆರೈಕೆಯ ಬಗ್ಗೆ ಕೇಸ್ ಸ್ಟಡಿ ಬೇರೆ ಬರೆಯಬೇಕಿತ್ತು ಆ ತಿಂಗಳು, ಇದನ್ನೇ ಬರೀತೀಯಾ, ಬರೀತೀನಿ. ನನಗೆ ಗೊತ್ತಿದ್ದದ್ದನ್ನೆಲ್ಲ ಅಮ್ಮನ ಮೇಲೆ ಮಾಡಿದೆ, ಎರಡು ಗಂಟೆಗೊಮ್ಮೆ ಹೊರಳಿಸಿದೆ, ಬಾಯಿ ಶುಚಿ, ಹಿಮ್ಮಡಿಯ ಕೆಳಗೆ ಮೆತ್ತೆ, ಹಾಸಿಗೆಯಲ್ಲಿ ಒಂದು ಸುಕ್ಕಿಲ್ಲ, ಪಕ್ಕದ ಹಾಸಿಗೆಯವರು ಹೆತ್ರೆ ಇಂಥ ಮಗಳನ್ನ ಹೆರಬೇಕು ಎಂದರು, ನಾನು ಉಬ್ಬಿಹೋದೆ, ಇಷ್ಟು ವರ್ಷದ ಮೇಲೆ ಒಪ್ಪಿಕೊಳ್ಳಲು ಏನು, ಉಬ್ಬಿಹೋದೆ. ಅವಳ ಎಡಗೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯಿಂದ ಹೊರಗೆ ಬರುತ್ತಿತ್ತು, ಎದೆಯ ಮೇಲಿಂದ ಸರಿದು ಹಾಸಿಗೆಯ ಅಂಚಿಗೆ ಹೋಗಿ ಹೆಬ್ಬೆರಳು ಏನನ್ನೋ ಒತ್ತುತ್ತಿತ್ತು, ಮತ್ತೆ ಬರುತ್ತಿತ್ತು. ತೀರಿಹೋದವರು ಕಾಣ್ತಿದಾರೆ ಎಂದಳು ದೊಡ್ಡಮ್ಮ. ಕಾಯಿಲೆ ಹಾಗೇ ಎಂದ ಅಣ್ಣ. ನಾನು ನರ್ಸು, ನನಗೆ ಪದ ಗೊತ್ತಿತ್ತು, ಕೇಸ್ ಸ್ಟಡಿಯ ಪುಸ್ತಕದಲ್ಲಿ ಬರೆದೆ, ರೋಗಿಗೆ ತಳಮಳ, ಎಡಗೈಯ ಉದ್ದೇಶವಿಲ್ಲದ ಚಲನೆ, ಕೈಯನ್ನು ಹೊದಿಕೆಯ ಒಳಗಿರಿಸಲಾಯಿತು. ಏಳನೇ ದಿನ ಬೆಳಿಗ್ಗೆ ಹೋದಳು. ಕೇಸ್ ಸ್ಟಡಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು.

ಬಾಗಿಲು ಮತ್ತೆ, ಈ ಸಲ ಹೆಜ್ಜೆ ಕೇಳಿಸಲೇ ಇಲ್ಲ, ಮುಟ್ಟಿದರೆ ಮುನಿ, ಕೊನೆಯ ಬೆಂಚಿನವಳು, ಯಾರನ್ನಾದರೂ ಮುಟ್ಟಬೇಕಾದಾಗ ಕೈ ಹಿಂದೆ ಎಳೆದುಕೊಳ್ಳುತ್ತಾಳೆಂದು ಹುಡುಗಿಯರು ಇಟ್ಟ ಹೆಸರು, ಇದೇ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಾಳೆ, ಮೂರನೇ ಸಲವೂ ಫೇಲಾದರೆ ವರ್ಷ ಹೋಗುತ್ತದೆ, ಅವಳಪ್ಪ ಹೋದ ವಾರ ಬಂದು ಚಪ್ಪಲಿ ಹೊರಗೆ ಬಿಟ್ಟು ನಿಂತುಕೊಂಡೇ ಮಾತಾಡಿದರು, ಆಗಲ್ಲ ಅಂದ್ರೆ ಹೇಳ್ಬಿಡಿ ಮೇಡಂ, ಕರ್ಕೊಂಡು ಹೋಗ್ತೀನಿ, ಅವಳ ಬಾಯಲ್ಲಂತೂ ಏನೂ ಬರಲ್ಲ. ಮುಚ್ಚಳ ಇನ್ನೂ ಅಲ್ಲೇ ಇದೆ, ಈಗ ಚುಚ್ಚುವುದಲ್ಲ, ಉರಿ. ಅವಳು ನಮಸ್ತೆ ಹೇಳಲಿಲ್ಲ, ಮೊದಲ ಸಾಲು ಹೋಯಿತು. ಪರದೆ ಎಳೆಯಲಿಲ್ಲ, ನನ್ನ ಮುಖ ನೋಡುತ್ತ ನಿಂತಳು, ನಾನು ಕೈಯನ್ನು ಹೊರಗೆ ಎಳೆದು ತಟ್ಟಿದೆ. ಏನು ಬೇಕು? ಪಿಸುಮಾತು. ತಟ್ಟಿದೆ. ನೀರಾ? ದಿಂಬು ಎತ್ತರ ಆಯ್ತಾ? ನಮ್ಮ ಕಣ್ಣು ಕೂಡಿತು, ನಾನು ಕಣ್ಣಲ್ಲೂ ಹೇಳಬಾರದು, ಹೇಳಿಬಿಟ್ಟೆನೇನೋ. ಬಟ್ಟಲು ತರಬೇಕಾ? ಬಿಸಿಲು ಬೀಳ್ತಿದ್ಯಾ? ಓಡಿಹೋಗಿ ಕಿಟಕಿ ಮುಚ್ಚಿ ಬಂದಳು, ಮತ್ತೆ ತಟ್ಟಿದೆ, ಚಿಕ್ಕ ಮೇಡಂ ಗಂಟಲು ಸರಿಮಾಡಿಕೊಂಡಳು, ಆರು ನಿಮಿಷ ಆಯ್ತು, ಪ್ರೊಸೀಜರ್ ಶುರು ಮಾಡಮ್ಮ. ಹುಡುಗಿ ಬೆವರುತ್ತಿದ್ದಳು, ಮೂಗಿನ ತುದಿಯಲ್ಲಿ ಹನಿ, ಇರಿ ಮೇಡಂ, ಇವ್ರು ಏನೋ ಕೇಳ್ತಿದಾರೆ — ಇವ್ರು ಎಂದಳು, ದೊಡ್ಡ ಮೇಡಂ ಎನ್ನಲಿಲ್ಲ. ಎಲ್ಲಿ, ಇಲ್ಲೇನಾ? ಇಲ್ಲಿ? ಕಾಲು, ಸೊಂಟ, ಪಕ್ಕೆ, ಒಂದೊಂದೇ ಕಡೆ ಕೈಯಿಟ್ಟು ನನ್ನ ಮುಖ ನೋಡುತ್ತ, ಹಿಂದೆ ಎಳೆದುಕೊಳ್ಳುವ ಆ ಕೈ ಎಲ್ಲಿ ಹೋಯಿತೋ, ಈಗ ಹೆಗಲ ಕೆಳಗೆ ತೂರಿತು, ಬೆರಳು ಹುಡುಕಿತು, ನಿಂತಿತು. ಅಯ್ಯೋ, ಇದಾ? ಹೊರಗೆ ತೆಗೆದು ಅಂಗೈ ಮೇಲೆ ಹಿಡಿದುಕೊಂಡಳು, ಬಿಳಿ ಮುಚ್ಚಳ, ಇದರ ಮೇಲೆ ಮಲಗಿದ್ರಾ ಇಷ್ಟೊತ್ತು? ಗಂಟೆ ಹೊಡೆಯಿತು.

ಎದ್ದು ಕೂತಿದ್ದೇನೆ, ಕಾಲು ಜೋಮು, ಚಿಕ್ಕ ಮೇಡಂ ಹಾಳೆ ಹಿಡಿದುಕೊಂಡು ನಿಂತಿದ್ದಾಳೆ, ಪಾಪ ಮೇಡಂ, ಒಂದೂ ಮಾಡಿಲ್ಲ ಇವಳು, ಏನು ಹಾಕಲಿ. ಹುಡುಗಿ ನೆಲ ನೋಡುತ್ತಿದ್ದಾಳೆ. ಸೊನ್ನೆ ಹಾಕಿ ಎನ್ನುತ್ತೇನೆ, ಅವಳ ಹೆಗಲು ಕುಸಿಯುತ್ತದೆ, ಆದ್ರೆ ಇದು ಪರೀಕ್ಷೆ ಅಂತ ಲೆಕ್ಕಕ್ಕೆ ಇಟ್ಕೋಬೇಡಿ, ಪೇಷಂಟಿನ ಬೆನ್ನ ಕೆಳಗೆ ಮುಚ್ಚಳ ಇದ್ದದ್ದು ನಮ್ಮ ತಪ್ಪು, ನಾಳೆ ಇದೇ ಹೊತ್ತಿಗೆ ಮತ್ತೆ ಮಾಡ್ಲಿ, ನಾನೇ ಮಲಗ್ತೀನಿ. ನೋಡಮ್ಮ, ಬಾಯಿ ಶುಚಿ ಮಾಡೋಕೆ ಬರಲೇಬೇಕು, ಪೇಷಂಟಿನ ಬಾಯಲ್ಲಿ ಹುಣ್ಣಾದ್ರೆ ನಿನ್ನ ಒಳ್ಳೇತನ ಔಷಧಿಯಾಗಲ್ಲ, ಸಾಯಂಕಾಲ ಬಾ, ಕೂತು ಕಲಿಯೋಣ, ಬೇರೇದನ್ನ ನಿನಗೆ ನಾನು ಕಲಿಸಬೇಕಾಗಿಲ್ಲ. ಹೂಂ ಎಂದಳು, ನಕ್ಕಳೋ ಅತ್ತಳೋ, ಮುಚ್ಚಳವನ್ನು ನನ್ನ ಕೈಗೇ ಕೊಟ್ಟು ಓಡಿದಳು. ರ‍್ಯಾಂಕಿನ ಹುಡುಗಿಯನ್ನೂ ಕರೆಸಬೇಕು, ಬೈಯಲು ಅಲ್ಲ, ಮಲಗಿಸಲು. ಹಾಳೆ ಕೊಡಿ ಇಲ್ಲಿ, ಹನ್ನೆರಡನೇ ಸಾಲೊಂದು ಬರೆಯಬೇಕು. ಪೆನ್ನು ತೆಗೆದುಕೊಳ್ಳುತ್ತೇನೆ, ರೋಗಿಯ ಎಂದು ಬರೆಯುತ್ತೇನೆ, ರೋಗಿಯ ಕೈ ಎಂದು ಬರೆಯುತ್ತೇನೆ — ಒತ್ತಕ್ಷರ ಆ ಕೇಸ್ ಸ್ಟಡಿಯ ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಬರೆದಿದ್ದರು, ಅಂಕದ ಪಕ್ಕದಲ್ಲಲ್ಲ, ಒಳಗೆ, ಉದ್ದೇಶವಿಲ್ಲದ ಚಲನೆ ಎಂದು ನಾನು ಬರೆದ ಕಡೆ, ಚಿಕ್ಕ ಅಕ್ಷರದಲ್ಲಿ, ಕೈ ಏನು ಕೇಳಿತು? ಉತ್ತರ ಬರೆಯಲು ಜಾಗವನ್ನೂ ಬಿಟ್ಟಿದ್ದರು, ಎರಡು ಬೆರಳಿನಷ್ಟು, ಆಮೇಲೆ ಒಂದು ದಿನವೂ ಬಾಯಿ ಬಿಟ್ಟು ಕೇಳಲಿಲ್ಲ, ತೀರಿಕೊಳ್ಳುವವರೆಗೂ ಕೇಳಲಿಲ್ಲ, ಆ ಪುಸ್ತಕ ನನ್ನ ಬೀರುವಿನಲ್ಲಿದೆ, ಜಾಗ ಹಾಗೇ ಇದೆ. ನೀರಾ ಅಮ್ಮಾ, ದಿಂಬಾ, ಬಿಸಿಲಾ, ಬೆನ್ನ ಕೆಳಗೆ ಏನಾದರೂ ಇತ್ತಾ, ಹೊದಿಕೆಯ ಅಂಚಿನ ಹೊಲಿಗೆ ಬಿಚ್ಚಿತ್ತಾ, ಅದನ್ನು ಒತ್ತಿ ಒತ್ತಿ ನೋಡುತ್ತಿದ್ದೆಯಾ, ನನ್ನ ಭುಜ ಬೇಕಿತ್ತಾ, ಇಷ್ಟು ಕೇಳಲು ಎಷ್ಟು ಹೊತ್ತು, ಹತ್ತು ನಿಮಿಷ, ಆರು ದಿನ ಇತ್ತು ನನ್ನ ಹತ್ತಿರ — ಮೇಡಂ, ಮುಂದೆ ಏನು ಬರೀಬೇಕು ಎನ್ನುತ್ತಿದ್ದಾಳೆ ಚಿಕ್ಕ ಮೇಡಂ, ಪೆನ್ನು ಕೈ ಎಂಬಲ್ಲಿ ನಿಂತಿದೆ, ಮುಂದೆ ಹೋಗುತ್ತಿಲ್ಲ, ಕಿಟಕಿಯಿಂದ ಎರಡನೇ ಹಾಸಿಗೆ, ಸುಕ್ಕಿಲ್ಲದ ಹೊದಿಕೆ, ಅಮ್ಮನ ಎಡಗೈ ಹೊರಗೆ ಬರುತ್ತದೆ, ಒಳಗಿಡುತ್ತೇನೆ, ಹೊರಗೆ ಬರುತ್ತದೆ, ಒಳಗಿಡುತ್ತೇನೆ, ಹೊರಗೆ ಬರುತ್ತದೆ