ಮೇಲಂಚಿನ ಕಚ್ಚು

ಟ್ರಂಕಿನ ತಳದಿಂದ ಅಮ್ಮನ ಫೋಟೊ ಎಳೆಯುತ್ತಿದ್ದಾಗ ರಟ್ಟಿನ ಡಬ್ಬಿಯೊಂದು ಜಾರಿ, ತೂತು ತೂತಿನ ಕಾರ್ಡುಗಳು ಕೋಣೆ ತುಂಬ ಚೆಲ್ಲಾಡಿದವು.

“ಕಸದ ಬುಟ್ಟಿಗೆ ಹಾಕಮ್ಮ,” ಬಾಗಿಲಲ್ಲಿ ನಿಂತಿದ್ದ ಸೋದರಮಾವ ಅಂದ. “ಎಲ್ಲ ನಮ್ಮಕ್ಕ ಮಾಡಿದ ತಪ್ಪುಗಳು. ಅದಕ್ಕೇ ಅಲ್ವಾ ಅವಳನ್ನ ಕಂಪ್ಯೂಟರ್ ರೂಮಿಗೆ ತಗೊಳ್ಳದೇ ಇದ್ದಿದ್ದು?”

ಮಗಳು ಮಂಡಿಯೂರಿ ಆರಿಸತೊಡಗಿದಳು. ದೇಹ ಎತ್ತುವ ಮುಂಚೆ ಅಮ್ಮನ ಬಗ್ಗೆ ಅವಳು ನಾಲ್ಕು ಮಾತಾಡಬೇಕಿತ್ತು. ಉಳಿದದ್ದು ಅರ್ಧ ಗಂಟೆ. ಅಮ್ಮನ ಇಪ್ಪತ್ತೆರಡು ವರ್ಷದ ಕೆಲಸದ ಬಗ್ಗೆ ಅವಳಿಗೆ ಗೊತ್ತಿದ್ದುದು ಮಾವನ ಈ ಹಳೇ ತಮಾಷೆಯೊಂದೇ. ಆದರೆ ತಮ್ಮ ತಪ್ಪನ್ನು ಯಾರಾದರೂ ಇಷ್ಟು ಜೋಪಾನ ಮಾಡುತ್ತಾರಾ?

ಹೊರಗೆ ಕೂತಿದ್ದ ತಾಳೆ ಆಂಟಿಯನ್ನು ಕೈಹಿಡಿದು ಕರೆತಂದಳು. ಆಫೀಸಿನಲ್ಲಿ ಅಮ್ಮ ತೂತು ಹೊಡೆದ ಕಾರ್ಡುಗಳನ್ನು ತಾಳೆ ನೋಡುತ್ತಿದ್ದ ಗೆಳತಿ. ಆ ಹೆಸರು ಹಾಗೇ ಅಂಟಿಕೊಂಡಿತ್ತು.

“ಆಂಟಿ, ಇದನ್ನ ಓದೋ ಮಶೀನ್ ಎಲ್ಲಾದ್ರೂ ಸಿಗುತ್ತಾ?”

“ಮಶೀನ್ ಯಾಕೆ, ನಾನಿನ್ನೂ ಸತ್ತಿಲ್ವಲ್ಲ!” ಅಂದವರು ನಾಲಿಗೆ ಕಚ್ಚಿಕೊಂಡು, ಕಾರ್ಡೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರು.

*

ಇಪ್ಪತ್ತು ಯಂತ್ರಗಳು ಒಟ್ಟಿಗೆ ಕಟಕಟ ಅನ್ನುತ್ತಿದ್ದ ಕೋಣೆ ಅದು. ಆಗ ಕಂಪ್ಯೂಟರಿಗೆ ಏನು ಹೇಳುವುದಿದ್ದರೂ ಕಾರ್ಡಿನ ತೂತಿನಲ್ಲೇ ಹೇಳಬೇಕು. ಅರ್ಜಿ ನೋಡಿ ಅಮ್ಮ ತೂತು ಹೊಡೆಯುವಳು. ಅದೇ ಅರ್ಜಿ ನೋಡಿ ಗೆಳತಿ ಇನ್ನೊಂದು ಯಂತ್ರದಲ್ಲಿ ಅದೇ ಅಂಕಿಗಳನ್ನು ಮತ್ತೆ ಒತ್ತುವಳು. ಎರಡೂ ತಾಳೆಯಾಗದಿದ್ದರೆ ಆ ಅಂಕಿಯ ನೇರಕ್ಕೆ ಕಾರ್ಡಿನ ಮೇಲಂಚಿನಲ್ಲೊಂದು ಕಚ್ಚು ಬೀಳುತ್ತಿತ್ತು. ಇಬ್ಬರಲ್ಲಿ ಯಾರು ಸರಿ ಅಂತ ಯಂತ್ರಕ್ಕೇನು ಗೊತ್ತು? ತಪ್ಪು ಹೊಡೆದವಳದೇ ಅನ್ನುವುದು ಆಫೀಸಿನ ಪದ್ಧತಿ.

ಊಟದ ಬಿಡುವಿನಲ್ಲಿ ಅಮ್ಮ ಗೆಳತಿಯ ಯಂತ್ರದ ಮುಂದೆ ಕೂತುಬಿಡುತ್ತಿದ್ದಳು.

“ಏನೇ, ನನ್ನ ಮಶೀನ್ ಕೆಡಿಸ್ತೀಯಾ?”

“ನಿನ್ನ ಮಶೀನಿಗೇನೂ ಆಗಲ್ಲ. ನೀನು ಮೊದಲು ಹೋಗಿ ಕಣ್ಣು ತೋರಿಸ್ಕೊಂಡು ಬಾ.”

*

“ಇದರಲ್ಲೂ ಕಚ್ಚು ಮೂರರ ಮೇಲೇ,” ಅಂದರು ಆಂಟಿ, ಹನ್ನೊಂದನೇ ಕಾರ್ಡು ಹಿಡಿದು. ಆಮೇಲೆ ಮಂಚದ ಅಂಚಿಗೆ ಕುಸಿದರು.

“ಅಂದ್ರೆ?”

“ಆ ವರ್ಷ ನನಗೆ ಕೈಬರಹದ ಮೂರೆಲ್ಲ ಎಂಟಾಗಿ ಕಾಣ್ತಿತ್ತು ಮಗೂ. ನಿಮ್ಮಮ್ಮ ಮೂರೇ ಹೊಡೆದಿದ್ದಾಳೆ, ಸರಿಯಾಗೇ. ಎಂಟು ಒತ್ತಿದ್ದು ನಾನು. ಊಟ ಬಿಟ್ಟು ಅವಳೇ ಹೊಸ ಕಾರ್ಡು ಹೊಡೆದು, ಅವಳೇ ತಾಳೆ ಮಾಡಿ ಸೇರಿಸ್ತಿದ್ದಳು.”

“ಅಮ್ಮ ಯಾಕೆ ಬಾಯಿ ಬಿಡಲಿಲ್ಲ?”

“ಕಣ್ಣು ಕಾಣದೋಳನ್ನ ಯಾರು ಕೆಲಸಕ್ಕಿಟ್ಕೋತಾರೆ? ಕನ್ನಡಕ ಬಂತು. ತಪ್ಪೇ ಮಾಡದ ಹುಡುಗಿ ಅಂತ ಕಂಪ್ಯೂಟರ್ ರೂಮಿಗೂ ನನ್ನನ್ನೇ ಕಳಿಸಿದ್ರು. ಕೋಣೆ ತುಂಬ ಇದ್ದ ಕಂಪ್ಯೂಟರು ಮೇಜಿನ ಮೇಲೆ ಬಂದು ಕೂರೋ ತನಕ ಎಲ್ಲ ಕಣ್ಣಾರೆ ನೋಡಿದೆ. ಇವಳು ಕಾರ್ಡು ಹೊಡೀತಾನೇ ಇದ್ದಳು.”

ಮಾವ ಒಳಗೆ ಬಂದ. “ಹೋಗ್ಲಿ ಬಿಡಿ. ಈ ವಯಸ್ಸಲ್ಲಿ ಯಾಕೆ ನಿಮ್ಮ ಮರ್ಯಾದೆ...”

“ಆಂಟಿ,” ಮಗಳು ಅಂದಳು, “ನಾಲ್ಕು ಮಾತು ನೀವೇ ಆಡಿ.”

ಹಜಾರದಲ್ಲಿ ಹಳೇ ಆಫೀಸಿನವರೆಲ್ಲ ನೆರೆದಿದ್ದರು. ಆಂಟಿ ಗೋಡೆ ಹಿಡಿದು ಬರುವುದನ್ನು ಕಂಡು ಮಾವ ಓಡಿಹೋಗಿ ಕುರ್ಚಿ ತಂದಿಟ್ಟ. ಆಂಟಿ ಅದನ್ನು ಅಮ್ಮನ ಮಗ್ಗುಲಿಗೆ ಸರಿಸಿ, ಖಾಲಿ ಬಿಟ್ಟು, ನಿಂತುಕೊಂಡೇ ಮಾತು ಶುರುಮಾಡಿದರು.