ಸೊಲ್ಲು ಹಿಡಿಯುವವರು

ಈರುಳ್ಳಿ ಹೊಲದಲ್ಲಿ ಕಳೆ ಕಿತ್ತೂ ಕಿತ್ತೂ ಕಾಳಕ್ಕನ ಹೆಬ್ಬೆರಳಿನ ಗೆರೆಗಳು ಸವೆದಿದ್ದವು. ಜಿಲ್ಲಾ ಕಲಾ ಪ್ರಶಸ್ತಿಯ ಅರ್ಜಿಗೆ ಗುಮಾಸ್ತ ಮೂರು ಸಲ ಹೆಬ್ಬೆಟ್ಟು ಒತ್ತಿಸಿದ. ಮೂರು ಸಲವೂ ಬರೀ ಮಸಿಯ ಮಚ್ಚೆ.

ಬಬ್ಬೂರಿನ ಸುತ್ತ ಅವಳ ಸೋಬಾನೆ ಪದವಿಲ್ಲದೆ ಮದುಮಗಳಿಗೆ ಅರಿಶಿನ ಹಚ್ಚುತ್ತಿರಲಿಲ್ಲ. ತಾನು ಸತ್ತ ಮೇಲೂ ಜನ ಇವು ಕಾಳಕ್ಕನ ಪದ ಅನ್ನಬೇಕು, ಅವಳ ಆಸೆ ಇಷ್ಟೇ.

ದುರ್ಗದ ಜಿಲ್ಲಾ ಕಚೇರಿಯಲ್ಲಿ ಅಧಿಕಾರಿ ಅವಳನ್ನು ಮಧ್ಯಾಹ್ನದವರೆಗೆ ನಿಲ್ಲಿಸಿ, ಆಮೇಲೆ ಒಂದು ಪುಸ್ತಕ ತೆಗೆದಿಟ್ಟ.

"ನಿನ್ನ ಪದ ಎಲ್ಲಾ ಪ್ರಸನ್ನಕುಮಾರ್ ಮೇಷ್ಟ್ರ ಪುಸ್ತಕದಾಗೆ ಅವೆಯಲ್ಲಮ್ಮ. ಕದ್ದು ಹಾಡ್ತೀಯೇನು?"

"ಅವ್ರು ನಮ್ಮ ಜಗಲಿ ಮ್ಯಾಲೆ ಕುಂತು ಬರ್ಕಂಡಿದ್ದು ಸಾಮಿ. ಎಂಟು ದಿನ ನಮ್ಮನೆ ಮುದ್ದೆ ಉಂಡವ್ರೆ."

"ಮುದ್ದೆ ಉಂಡಿದ್ದಕ್ಕೆ ದಾಖಲೆ ಐತಾ?"

ಕಾಳಕ್ಕನ ಬಳಿ ಅಂಥ ದಾಖಲೆ ಇರಲಿಲ್ಲ.

ಹತ್ತು ದಿನಕ್ಕೆ ಫೋನ್ ಬಂತು. ನಶಿಸುತ್ತಿರುವ ಪದಗಳನ್ನು ಉಳಿಸಿದ್ದಕ್ಕಾಗಿ ಪ್ರಶಸ್ತಿ ಪ್ರಸನ್ನಕುಮಾರ್‌ಗೆ ಸಂದಿತ್ತು. ಆ ಪದಗಳು ಆ ಹೊತ್ತಿನಲ್ಲಿ ಕಾಳಕ್ಕನ ಜೊತೆ ಈರುಳ್ಳಿ ಹೊಲದಲ್ಲಿ ಕಳೆ ಕೀಳುತ್ತಿದ್ದವು. ಕಾಳಕ್ಕ ಬಂದು ಸಮಾರಂಭಕ್ಕೆ ಪ್ರಾರ್ಥನೆಯ ಪದ ಹೇಳಬೇಕಂತೆ. ಪುಸ್ತಕದ ಮೂವತ್ತೇಳನೇ ಪುಟದ್ದು.

ಜೊತೆಗೆ ಹಾಡುವ ತಿಪ್ಪಮ್ಮ ಬೇಡವೇ ಬೇಡ ಅಂದಳು.

"ಹೋಗಾಣ ಕಣೇ. ಪದ ನಮ್ದು. ನಾವ್ಯಾಕೆ ಮನ್ಯಾಗೆ ಕುಂತ್ಕಬೇಕು?"

ವೇದಿಕೆಯ ಮೇಲೆ ಮೇಷ್ಟ್ರು ಮೈಸೂರು ಪೇಟ ತೊಟ್ಟು, ಹಾರದ ಭಾರಕ್ಕೆ ಕತ್ತು ಬಾಗಿಸಿ, ತ್ಯಾಗ ಮಾಡಿದವರಂತೆ ಕೂತಿದ್ದರು. ಎದುರಿಗೆ ಮುಂದಿನ ಸಾಲಿನಲ್ಲಿ ದೊಡ್ಡವರು, ಅವರ ಹಿಂದೆ, ಸಭಾಂಗಣ ತುಂಬಿಸಲೆಂದು ಟೆಂಪೋದಲ್ಲಿ ಕರೆತಂದಿದ್ದ ಕೂಲಿ ಹೆಂಗಸರು.

ಕಾಳಕ್ಕ ಸೊಲ್ಲು ಎತ್ತಿದಳು:

"ಕಣಿವೇಯ ನೀರ್ಹಂಗೆ ಮೆಲ್ಲಾಕೆ ಬಾ ಮಗಳೆ..."

ಅಲ್ಲಿಗೆ ನಿಂತಳು. ಸೋಬಾನೆಯಲ್ಲಿ ಒಬ್ಬಳು ಎತ್ತಿದ ಸೊಲ್ಲನ್ನು ಇನ್ನೊಬ್ಬಳು ಹಿಡಿದು ತಿರುಗಿ ಹೇಳಬೇಕು. ಹಿಡಿಯುವವರೆಗೆ ಮುಂದಿನ ಸೊಲ್ಲಿಲ್ಲ. ತಿಪ್ಪಮ್ಮ ಬಾಯಿ ತೆರೆದಳು. ಕಾಳಕ್ಕ ಅವಳ ಕೈ ಅದುಮಿ ಮೇಷ್ಟ್ರ ಕಡೆ ತಿರುಗಿದಳು.

"ಹಿಡೀರಿ ಸಾರ್. ಪದ ನಿಮ್ದಲ್ವಾ."

ಮುಂದಿನ ಸಾಲಿನ ದೊಡ್ಡವರು ತಮಾಷೆಯೆಂದು ನಕ್ಕರು. ಮೇಷ್ಟ್ರೂ ನಕ್ಕು ಪುಸ್ತಕ ಬಿಡಿಸಿದರು. ಮಾತುಗಳೆಲ್ಲ ಅಲ್ಲಿದ್ದವು, ಧಾಟಿ ಇರಲಿಲ್ಲ. ಕೆಮ್ಮಿದರು. ಕನ್ನಡಕ ಒರೆಸಿದರು.

"ನೀವೇ ಮುಂದುವರ್ಸಿ ಕಾಳಕ್ಕ."

"ನೀವು ಹಿಡೀದೆ ಮುಂದಕ್ಕೆ ಹೆಂಗೆ ಹೋಗಾದು ಸಾರ್?"

ಈಗ ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಕಳೆ ಕೀಳುವ ಹೆಂಗಸರು ನಗುತ್ತಿದ್ದರು. ಆ ಸೊಲ್ಲು ಹಿಡಿಯಲು ಅವರಲ್ಲಿ ಯಾರಿಗೂ ಪುಸ್ತಕ ಬೇಕಿರಲಿಲ್ಲ. ಆದರೂ ಒಬ್ಬಳೂ ಹಿಡಿಯಲಿಲ್ಲ. ಎಲ್ಲರೂ ಮೇಷ್ಟ್ರ ಬಾಯನ್ನೇ ನೋಡುತ್ತ ಕಾದರು.

ಅಧಿಕಾರಿ ಇನ್ನೊಂದು ಮೈಕಿಗೆ ಓಡಿದ. ಧ್ವನಿವರ್ಧಕ ಕೆಟ್ಟಿರುವುದರಿಂದ ಪ್ರಾರ್ಥನೆ ಇಲ್ಲಿಗೆ ಮುಗಿಯಿತೆಂದೂ, ಈಗ ಪ್ರಶಸ್ತಿ ಪ್ರದಾನವೆಂದೂ ಸಾರಿದ.

"ಮೈಕು ಸರಿಯಾಗೇ ಐತೆ ಸಾಮಿ." ಕಾಳಕ್ಕನ ದನಿ ಸಭಾಂಗಣದ ಮೂಲೆಮೂಲೆಯಲ್ಲೂ ಕೇಳಿಸಿತು. "ನಿಮ್ಮ ಮೇಷ್ಟ್ರಿಗೆ ಪದ ಬರಲ್ಲ."