ನೀಲಿ ಶೆಡ್ಡಿನ ಗೆರೆ

ಭೀಮರಾಜು ಊಟದ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅತ್ತ ಇತ್ತ ವಾಲಿಸಿ ನೋಡುತ್ತಿದ್ದ. ತಟ್ಟೆ ಖಾಲಿಯಿತ್ತು. ಮುದ್ದೆಯ ಪಾತ್ರೆ ಹಿಡಿದು ನಿಂತಿದ್ದ ಶಿಲ್ಪ ಕಾಯುತ್ತಲೇ ಇದ್ದಳು.

"ತೊಳ್ದಿದೀನಿ ಕಣ್ರೀ," ಎಂದಳು.

"ತೊಳ್ದಿಲ್ಲ ಅಂದ್ನಾ? ಇಲ್ಲೊಂದು ಗೆರೆ ಐತೆ ನೋಡು."

ಶಿಲ್ಪ ಬಗ್ಗಿ ನೋಡಿದಳು. ಹತ್ತು ವರ್ಷ ಉಜ್ಜಿದ ಸ್ಟೀಲ್ ತಟ್ಟೆ; ಅದರಲ್ಲಿ ಸಾವಿರ ಗೆರೆ ಇದ್ದವು. ಅವನು ಹೇಳುತ್ತಿದ್ದುದು ಯಾವುದೆಂದು ತಿಳಿಯಲಿಲ್ಲ. ಬೇರೆ ತಟ್ಟೆ ತಂದಿಟ್ಟಳು. ಅದನ್ನೂ ಅವನು ಬೆಳಕಿಗೆ ಹಿಡಿದ.

"ಇವನ್ಗೆ ಏನೋ ಸೋಕೈತೆ ಕಣವ್ವ," ಎಂದಳು ನಡುಮನೆಯಲ್ಲಿ ಕೂತಿದ್ದ ಅವನ ತಾಯಿ ಭೈರಮ್ಮ. "ಆ ಕಾರ್ಖಾನೆ ಜಾಗ ಸರಿ ಇಲ್ಲ ಅಂತ ಅವತ್ತೇ ಅಂದೆ. ನನ್ ಮಾತು ಯಾರು ಕೇಳ್ತೀರಿ?" ಹಾಲ್ಕುರಿಕೆಯ ಮಠಕ್ಕೆ ಹೋಗಿ ಭಸ್ಮ ತಂದು ಮಗನ ಹಣೆಗಿಟ್ಟಿದ್ದಳು. ನೆರೆಮನೆಯ ಮಂಜಮ್ಮನ ಕೈಲಿ ದೃಷ್ಟಿ ತೆಗೆಸಿದ್ದಳು. ಏನೂ ಫಲ ಕಾಣಲಿಲ್ಲ.

ಬಿಳಿಗೆರೆಯಿಂದ ಗಂಡ ಹೆಂಡತಿ ಒಂದೇ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಕಿಬ್ಬನಹಳ್ಳಿಯ ಆಚೆ, ಹೈವೇ ಪಕ್ಕ, ಯಾರೋ ಕೊಬ್ಬರಿ ತುಂಬಲೆಂದು ಕಟ್ಟಿಸಿದ್ದ ಉದ್ದನೆಯ ಗೋದಾಮನ್ನು ಬೆಂಗಳೂರಿನವರು ಕೊಂಡು ಕಾರ್ಖಾನೆ ಮಾಡಿದ್ದರು. ಅಲ್ಲಿ ತಯಾರಾಗುತ್ತಿದ್ದುದು ವಿಮಾನದ ಸಣ್ಣಪುಟ್ಟ ಬಿಡಿಭಾಗಗಳು. ಪ್ರಯಾಣಿಕರ ದೊಡ್ಡ ವಿಮಾನ ಕಟ್ಟುವ ಎರಡು ವಿದೇಶಿ ಕಂಪನಿಗಳ ಕೆಲಸವೂ ಅಲ್ಲಿಗೇ ಬರುತ್ತಿತ್ತು. ಒಂದು ಕಂಪನಿಯ ಗುಟ್ಟು ಇನ್ನೊಂದಕ್ಕೆ ತಿಳಿಯಬಾರದೆಂದು ಶೆಡ್ಡಿನ ನಡುವೆ ಚಾವಣಿಯವರೆಗೂ ತಗಡಿನ ಗೋಡೆ ಎಬ್ಬಿಸಿ, ಒಂದನ್ನು ಎರಡು ಶೆಡ್ಡು ಮಾಡಿದ್ದರು. ಕಂಪನಿಗಳ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಮಾಲು ತುಂಬುವ ಟ್ರೇಗಳ ಬಣ್ಣ ನೋಡಿ ಎಲ್ಲರೂ ನೀಲಿಯೋರು, ಹಸಿರಿನೋರು ಎನ್ನುತ್ತಿದ್ದರು.

ನೀಲಿಯವರೂ ಹಸಿರಿನವರೂ ಇನ್ನೂರು ಸೀಟಿನ ಹೊಸ ವಿಮಾನ ಕಟ್ಟುತ್ತಿದ್ದರು. ಯಾರದು ಮೊದಲು ಹಾರುತ್ತದೋ ಅವರ ಬಾಗಿಲಿಗೇ ಏರ್‌ಲೈನುಗಳೆಲ್ಲ ಸಾಲುಗಟ್ಟುತ್ತವೆ ಎಂಬ ಮಾತಿತ್ತು. ಆ ಓಟದ ಬಿಸಿ ಸಮುದ್ರ ದಾಟಿ ಇಲ್ಲಿಗೂ ಮುಟ್ಟಿತ್ತು. ಎರಡೂ ಶೆಡ್ಡಿನಲ್ಲಿ ಬೋರ್ಡು ಹಾಕಿ, ಮೊದಲ ಹಾರಾಟಕ್ಕೆ ಉಳಿದ ದಿನಗಳನ್ನು ಬೆಳಗಾಗುತ್ತಲೇ ಬರೆಯುತ್ತಿದ್ದರು.

ಭೀಮರಾಜು ನೀಲಿ ಕಡೆ ಮಾಲು ಪರೀಕ್ಷೆ ಮಾಡುವವನು. ಶಿಲ್ಪ ಹಸಿರು ಕಡೆ ಅಳತೆ ನೋಡುವವಳು. ಈ ಕಡೆಯ ಸುದ್ದಿ ಆ ಕಡೆ ಹೇಳುವುದಿಲ್ಲವೆಂದು ಸೇರುವಾಗಲೇ ಇಬ್ಬರಿಂದಲೂ ಸಹಿ ಹಾಕಿಸಿಕೊಂಡಿದ್ದರು. ಮೊದಮೊದಲು ಅದೊಂದು ತಮಾಷೆಯಾಗಿತ್ತು. "ಏನಮ್ಮಾ ಹಸಿರು, ಇವತ್ತೇನ್ ಸಾರು?" ಎಂದು ಅವನು ಕೇಳಿದರೆ, "ನೀಲಿಯೋರಿಗೆ ಹೇಳಂಗಿಲ್ಲ," ಎಂದು ಅವಳು ನಗುತ್ತಿದ್ದಳು. ನಾಲ್ಕು ತಿಂಗಳಿಂದ ಅವನು ಹಾಗೆ ಕೇಳುವುದನ್ನೇ ಬಿಟ್ಟಿದ್ದ.

ಭಾನುವಾರ ಮಧ್ಯಾಹ್ನ ಮಗಳು ಇಂಪನಾ ಕಿರುಚಿಕೊಂಡಾಗ ಶಿಲ್ಪ ಹಿತ್ತಲಿಂದ ಓಡಿ ಬಂದಳು. ಭೀಮರಾಜು ಜಗಲಿಯ ಮೇಲೆ ಕೂತು ಮಗಳ ಅಂಗೈಯನ್ನು ಬಿಸಿಲಿಗೆ ಹಿಡಿದು, ಹೆಬ್ಬೆರಳಿನಿಂದ ಒಂದು ರೇಖೆಯನ್ನು ತಿಕ್ಕುತ್ತಿದ್ದ. ಕೈ ಕೆಂಪಾಗಿತ್ತು. ಶಿಲ್ಪ ಮಗುವನ್ನು ಎಳೆದುಕೊಂಡಳು. ಅವನು ತನ್ನ ಹೆಬ್ಬೆರಳನ್ನೇ ಒಂದು ಗಳಿಗೆ ನೋಡಿ, ಎದ್ದು ತೋಟದ ಕಡೆ ನಡೆದುಬಿಟ್ಟ.

ಅವಳು ಹಿಂದೆಯೇ ಹೋದಳು. ಅವನು ಪಂಪ್‌ಸೆಟ್ಟಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದ. ತೆಂಗಿನ ಗರಿಗಳ ನೆರಳು ನೀರಿನ ಮೇಲೆ ಅಲುಗುತ್ತಿತ್ತು.

"ಏನಾಗೈತೆ ಅಂತ ಇವತ್ತು ಹೇಳ್ಲೇಬೇಕು," ಎಂದಳು.

"ಸೈನ್ ಹಾಕಿದೀನಿ ಕಣೇ."

"ನಾನೂ ಹಾಕಿದೀನಿ. ಆ ಕಾಗ್ದಕ್ಕೆ ಬೆಂಕಿ ಬೀಳ. ಮಗಾ ಅಪ್ಪನ್ನ ಕಂಡು ಹೆದರ್ಕಳಂಗಾಯ್ತಲ್ರೀ."

ಅವನು ತೊಟ್ಟಿಯ ನೀರನ್ನು ನೋಡುತ್ತಲೇ ಹೇಳತೊಡಗಿದ.

ನೀಲಿ ವಿಮಾನದ ರೆಕ್ಕೆಯ ಹಿಂದಿನ ಅಂಚಿನಲ್ಲಿ, ಇಳಿಯುವಾಗ ಕೆಳಕ್ಕೆ ಬಾಗುವ ಅಗಲವಾದ ಪಟ್ಟಿ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಹೆಬ್ಬೆರಳು ದಪ್ಪದ ಉಕ್ಕಿನ ಪಿನ್ನುಗಳು ಆರು. ಅವನ್ನು ಸಾಣೆ ಹಿಡಿದು ನುಣುಪು ಮಾಡಿದವನು ಅವರದೇ ಬೀದಿಯ ಜ್ಞಾನೇಶ್. ಭೀಮರಾಜುವಿನ ಜೊತೆ ಓದಿದವನು. ಪಿನ್ನುಗಳ ಮೇಲೆ ಹೊಳೆಯುವ ದ್ರವ ಸುರಿದು, ಕತ್ತಲೆ ಕೋಣೆಯಲ್ಲಿ ನೇರಳೆ ದೀಪದ ಕೆಳಗೆ ಹಿಡಿದು ನೋಡುವುದು ಭೀಮರಾಜುವಿನ ಕೆಲಸ. ಉಕ್ಕಿನಲ್ಲಿ ಬಿರುಕಿದ್ದರೆ ಹಸಿರಾಗಿ ಹೊಳೆಯುತ್ತದೆ. ನಾಲ್ಕು ತಿಂಗಳ ಹಿಂದೆ ಹಾಗೆ ನೋಡಿದಾಗ ಐದು ಪಿನ್ನು ಚೊಕ್ಕವಾಗಿದ್ದವು. ಆರನೆಯದರ ಕುತ್ತಿಗೆಯ ಹತ್ತಿರ ಒಂದು ಗೆರೆ ಹೊಳೆಯಿತು, ರೆಪ್ಪೆಗೂದಲಿನಷ್ಟು.

ಮ್ಯಾನೇಜರು ರೇಣುಕಪ್ರಸಾದರನ್ನು ಕರೆದು ತೋರಿಸಿದ್ದ. ಅವರು ಇಣುಕಿ ನೋಡಿ, ಸಾಣೆಯ ಗೀರು ಅದು, ಒರೆಸಿ ನೋಡು ಎಂದಿದ್ದರು. ಒರೆಸಿದಾಗ ಗೆರೆ ಕಾಣಲಿಲ್ಲ. ಇನ್ನೊಂದು ಸಲ ದ್ರವ ಸುರಿದು ನೋಡಬೇಕು ಎಂದು ಭೀಮರಾಜು ಕೇಳಿಕೊಂಡಿದ್ದ. ಹೊರಗೆ ವಿಮಾನ ನಿಲ್ದಾಣಕ್ಕೆ ಹೋಗುವ ಗಾಡಿ ಇಂಜಿನ್ ಆರಿಸದೆ ನಿಂತಿತ್ತು. "ಹಸಿರಿನೋರ ಮಾಲು ಸೋಮವಾರವೇ ಹೋಯ್ತು ಭೀಮ. ನಮ್ದಿನ್ನೂ ಇಲ್ಲೇ ಐತೆ. ಒತ್ತು," ಎಂದಿದ್ದರು. ಭೀಮರಾಜು ಮಾಲು ಸರಿಯಿದೆ ಎಂದು ತನ್ನ ಇಪ್ಪತ್ತೇಳನೇ ನಂಬರಿನ ಮುದ್ರೆ ಒತ್ತಿದ್ದ.

"ಗೀರೇ ಇದ್ರೂ ಇರ್ಬೋದಲ್ಲ?" ಎಂದಳು ಶಿಲ್ಪ.

"ಹದಿನಾಲ್ಕು ವರ್ಷ ನೋಡಿದೀನಿ ಕಣೇ. ಬಿರುಕಾದ್ರೆ ಒಳಗಿಂದ ದ್ರವ ಒಸರಿ ಗೆರೆ ದಪ್ಪ ಆಗ್ತೈತೆ. ಗೀರು ಹಂಗೆ ಉಸಿರಾಡಲ್ಲ."

ಮರದಿಂದ ಒಣಗಿದ ತೆಂಗಿನ ಮಿಡಿಯೊಂದು ತೊಟ್ಟಿಗೆ ಬಿತ್ತು. ಅವನು ಬೆಚ್ಚಿ ನೋಡಿ, ಮತ್ತೆ ಶುರು ಮಾಡಿದ.

"ಬೋರ್ಡ್ ಪಕ್ಕ ಫೋಟೋ ಹಾಕೌರೆ. ಮೊದಲ್ನೇ ಸಲ ವಿಮಾನ ಹಾರ್ಸೋ ಪೈಲಟ್‌ಗಳು. ಒಬ್ಬ ಗಂಡ್ಸು, ಒಬ್ಳು ಹೆಂಗ್ಸು. ಆಯಮ್ಮನ್ ಕೂದ್ಲು ನಮ್ಮವ್ವನ್ ಥರ ಅರ್ಧ ಬೆಳ್ಳಗಾಗೈತೆ. ದಿನಾ ಒಳೀಕ್ ಹೋಗುವಾಗ ನನ್ ನೋಡಿ ನಗ್ತಾಳೆ. ಕಣ್ಮುಚ್ಚಿದ್ರೂ ನಗ್ತಾಳೆ." ಅವನು ತೊಟ್ಟಿಯ ನೀರು ಎತ್ತಿ ಮುಖಕ್ಕೆ ಹಾಕಿಕೊಂಡ. "ಸತ್ತೋರು ಕಾಡುದ್ರೆ ಅವ್ವ ಏನೋ ಮಾಡಿ ಬುಡುಸ್ತಿದ್ಲು. ಇವರು ಇನ್ನೂ ಸತ್ತೇ ಇಲ್ವಲ್ಲೇ ಶಿಲ್ಪ."

ಶಿಲ್ಪ ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕೂತಳು. "ಬೋರ್ಡಲ್ಲಿ ಇನ್ನೆಷ್ಟು ದಿನ ಐತೆ?"

"ಹತ್ತೊಂಬತ್ತು."

ಮರುದಿನ ಭೀಮರಾಜು ರೇಣುಕಪ್ರಸಾದರ ಕೋಣೆಗೆ ಹೋಗಿ, ಆ ಪಿನ್ನನ್ನು ವಾಪಸು ತರಿಸಬೇಕು ಎಂದ. ರೇಣುಕಪ್ರಸಾದರು ತಿಪಟೂರಿನ ಕೊಬ್ಬರಿ ವ್ಯಾಪಾರಿ ಏಕಾಂತಯ್ಯನವರ ಮಗ. ಯಾರನ್ನೂ ಗದರಿಸಿ ಮಾತಾಡಿದವರಲ್ಲ. ಕೇಳುತ್ತ ಕೇಳುತ್ತ ಅವರ ಮುಖ ಕಪ್ಪಿಟ್ಟಿತು.

"ಯಾರಿಗೆ ಹೇಳಿದೀಯ ಇದನ್ನ?"

"ಮನೇಲಿ ಹೇಳ್ದೆ ಸರ್."

ರೇಣುಕಪ್ರಸಾದರು ಎದ್ದು ಬಾಗಿಲು ಹಾಕಿ ಬಂದರು. "ನಿನ್ ಹೆಂಡ್ತಿ ಹಸಿರಿನೋಳು ಕಣಪ್ಪ. ಈ ಮಾತು ಹೊರಗೆ ಹೋದ್ರೆ ಏನಂತಾರೆ ಗೊತ್ತಾ? ಹಸಿರು ಕಂಪನಿ ಹೆಂಡ್ತಿ ಕೈಲಿ ಹೇಳ್ಸಿ ನೀಲಿ ವಿಮಾನ ನಿಲ್ಲಿಸ್ತು ಅಂತಾರೆ. ನೂರ ನಲವತ್ತು ಮನೆ ಈ ಶೆಡ್ಡಿನ ಮೇಲೆ ನಿಂತಿದಾವೆ. ನಿಂಗೆ ನಿದ್ದೆ ಇಲ್ಲ, ಮನಸ್ಸು ಸರಿ ಇಲ್ಲ. ಒಂದು ವಾರ ರಜಾ ಹಾಕು."

"ನೀವು ನೋಡಿದ್ರಲ್ಲ ಸರ್, ಆ ಗೆರೆ?"

"ನಾನು ನೋಡಿದ್ದು ಗೀರು," ಎಂದರು ರೇಣುಕಪ್ರಸಾದರು. ಆದರೆ ಅವನ ಮುಖ ನೋಡಿ ಹೇಳಲಿಲ್ಲ.

ನೀಲಿ ಶೆಡ್ಡಿನ ಗೋಡೆಗೆ ಆ ಕಂಪನಿಯವರೇ ಅಂಟಿಸಿದ್ದ ಹಾಳೆಯೊಂದಿತ್ತು. ಕೆಲಸದ ಬಗ್ಗೆ ಅನುಮಾನವಿದ್ದರೆ ನೇರವಾಗಿ ನಮಗೆ ಬರೆಯಿರಿ ಎಂದು ಕೆಳಗೆ ಒಂದು ಇಮೇಲ್ ವಿಳಾಸ. ಯಾರೂ ಅದನ್ನು ಓದುತ್ತಿರಲಿಲ್ಲ. ಭೀಮರಾಜು ಅಂಗೈ ಮೇಲೆ ಬರೆದುಕೊಂಡು ಬಂದ. ಅವತ್ತು ಸಂಜೆ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಅವನು ಕನ್ನಡದಲ್ಲಿ ಹೇಳಿದ್ದನ್ನು ಡಿಪ್ಲೊಮಾ ಓದಿದ್ದ ಶಿಲ್ಪ ಇಂಗ್ಲಿಷಿನಲ್ಲಿ ಮೊಬೈಲಿಗೆ ಹಾಕಿದಳು. ಪಿನ್ನಿನ ನಂಬರು, ತಾರೀಖು, ಗೆರೆ ಇದ್ದ ಜಾಗ.

"ಹೆಸರು ಬೇಡ ಕಣ್ರೀ," ಎಂದಳು ಕೊನೆಗೆ.

"ಹೆಸರಿಲ್ದಿದ್ರೆ ಹಸಿರಿನೋರೇ ಕಳ್ಸೌರೆ ಅಂತ ಎಸೀತಾರೆ. ಹಾಕು. ಮುದ್ರೆ ಇಪ್ಪತ್ತೇಳು ಅಂತ್ಲೂ ಹಾಕು."

ನಿಮ್ಮ ಸಂದೇಶ ತಲುಪಿದೆ ಎಂಬ ಒಂದು ಸಾಲು ಬಂತು. ಆಮೇಲೆ ಏನೂ ಬರಲಿಲ್ಲ. ಬೋರ್ಡಿನ ಮೇಲೆ ಸಂಖ್ಯೆ ಹತ್ತಾಯಿತು, ಐದಾಯಿತು, ಒಂದಾಯಿತು. ಭೀಮರಾಜು ಊಟ ಬಿಟ್ಟ. ಹಾರುವ ದಿನ ಸಂಜೆ ಭೈರಮ್ಮನೂ ಸೇರಿ ಮೂವರೂ ನಡುಮನೆಯಲ್ಲಿ ಕೂತು ಮೊಬೈಲಿನಲ್ಲಿ ನೇರ ಪ್ರಸಾರ ನೋಡಿದರು. ಯಾವುದೋ ದೇಶದ ಬೆಳಗಿನ ಬಿಸಿಲಲ್ಲಿ ನೀಲಿ ಬಾಲದ ವಿಮಾನ ನಿಂತಿತ್ತು. ಸುತ್ತ ಜನ ಬಾವುಟ ಹಿಡಿದಿದ್ದರು. ಅರ್ಧ ಗಂಟೆ ಕಳೆದರೂ ವಿಮಾನ ಕದಲಲಿಲ್ಲ. ಕೊನೆಗೆ ಹಾರಾಟ ಮುಂದಕ್ಕೆ ಹೋಗಿದೆ ಎಂಬ ಬರಹ ಬಂದು ಚಿತ್ರ ನಿಂತುಹೋಯಿತು.

"ಕೆಟ್ಟೋಯ್ತೇನ್ಲಾ?" ಎಂದಳು ಭೈರಮ್ಮ.

ಭೀಮರಾಜು ಗೋಡೆಗೊರಗಿ, ಕೂತಲ್ಲೇ ನಿದ್ದೆ ಹೋಗಿದ್ದ.

ವಾರದೊಳಗೆ ನೀಲಿ ಕಂಪನಿಯ ಇಂಜಿನಿಯರಮ್ಮ ಒಬ್ಬಳು ಆರೂ ಪಿನ್ನುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದಳು. ಅದೇ ಕತ್ತಲೆ ಕೋಣೆಯಲ್ಲಿ, ಅದೇ ದೀಪದ ಕೆಳಗೆ ನೋಡಲು ಭೀಮರಾಜುವಿಗೇ ಕೊಟ್ಟಳು. ರೇಣುಕಪ್ರಸಾದರು ಬಾಗಿಲ ಬಳಿ ನಿಂತಿದ್ದರು. ಐದು ಚೊಕ್ಕವಾಗಿದ್ದವು. ಆರನೆಯದರಲ್ಲಿ ಗೆರೆ ಹೊಳೆಯಿತು. ನೆಲದ ಮೇಲೆ ರೆಕ್ಕೆಯನ್ನು ಆಡಿಸಿ ನೋಡಿದ್ದಕ್ಕೇ ಅದು ಮೊದಲಿನ ಎರಡರಷ್ಟು ಉದ್ದ ಬೆಳೆದಿತ್ತು. ಅವಸರಕ್ಕೆ ಬಿದ್ದು ಸಾಣೆ ಹಿಡಿದರೆ ಉಕ್ಕು ಕಾದು ಹೀಗೆ ಬಿರಿಯುತ್ತದೆ ಎಂದು ಆಕೆ ವಿವರಿಸಿದಳು. ಜೊತೆಗೆ ಬಂದಿದ್ದವನು ಅದನ್ನು ಕನ್ನಡದಲ್ಲಿ ಹೇಳಿದ. ಆಕೆ ಭೀಮರಾಜುವಿನ ಕೈ ಕುಲುಕಿದಳು. ಅವಳ ಕೈ ತಣ್ಣಗಿತ್ತು.

ಆ ತಿಂಗಳಲ್ಲೇ ಹಸಿರು ವಿಮಾನ ಮೊದಲು ಹಾರಿತು. ಹಸಿರು ಶೆಡ್ಡಿನಲ್ಲಿ ಲಾಡು ಹಂಚಿದರು. ಶಿಲ್ಪಳ ಕೈಗೂ ಒಂದು ಬಂತು. ಅವಳು ಅದನ್ನು ತಿನ್ನಲಾರದೆ ಕರವಸ್ತ್ರದಲ್ಲಿ ಸುತ್ತಿದಳು. ತಗಡಿನ ಗೋಡೆಯ ಆಚೆ ಯಂತ್ರಗಳ ಸದ್ದಿರಲಿಲ್ಲ. ನೀಲಿಯವರು ಇಲ್ಲಿಯ ಕೆಲಸ ನಿಲ್ಲಿಸಿ ಬೇರೆ ಕಡೆ ಕೊಟ್ಟಿದ್ದರು. ಅರವತ್ತೆರಡು ಜನ ಕೆಲಸ ಕಳೆದುಕೊಂಡು ಮನೆಗೆ ಹೋದರು. ಅವರಲ್ಲಿ ರೇಣುಕಪ್ರಸಾದರು, ಜ್ಞಾನೇಶ್, ಭೀಮರಾಜು ಮೂವರೂ ಇದ್ದರು.

ಹೆಂಡತಿಯ ಕಂಪನಿ ಗೆಲ್ಲಿಸಲು ಗಂಡ ಹೀಗೆ ಮಾಡಿದ ಎಂಬ ಮಾತು ಬಿಳಿಗೆರೆಯಲ್ಲಿ ಹಬ್ಬಿತು. ಹಸಿರಿನವರು ಗುಟ್ಟಾಗಿ ಏನೋ ಕೊಟ್ಟಿದ್ದಾರೆ ಎಂದೂ ಅಂದರು. ಹಾಲಿನ ಡೈರಿಯಲ್ಲಿ ಭೈರಮ್ಮ ಹೋಗಿ ನಿಂತರೆ ಮಾತು ನಿಲ್ಲುತ್ತಿತ್ತು. ಜ್ಞಾನೇಶ್ ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟಿ ಹೋಗುತ್ತಿದ್ದ. ಭೀಮರಾಜು ತಿಪಟೂರಿನಲ್ಲಿ ತಕ್ಕಡಿ ರಿಪೇರಿ ಮಾಡುವ ಅಂಗಡಿಗೆ ಸೇರಿದ. ಈಗ ತಟ್ಟೆಗೆ ಏನು ಬಡಿಸಿದರೂ ಉಣ್ಣುತ್ತಿದ್ದ. ಆದರೆ ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಜ್ಞಾನೇಶನೇನೋ ಎಂದು ಕೈಯಲ್ಲಿನ ತುತ್ತು ಹಾಗೇ ನಿಲ್ಲುತ್ತಿತ್ತು.

ಬೇರೆ ಯಾರೋ ಮಾಡಿದ ಪಿನ್ನುಗಳನ್ನು ಹಾಕಿಕೊಂಡು ನೀಲಿ ವಿಮಾನ ಮೂರು ತಿಂಗಳ ಮೇಲೆ ಹಾರಿತು. ಭೀಮರಾಜು ನೋಡಲಿಲ್ಲ. ಶಿಲ್ಪ ಅಡಿಗೆಮನೆಯಲ್ಲಿ ಕೂತು ಕೊನೆಯವರೆಗೂ ನೋಡಿ, ಹೊರಗೆ ಬಂದು, "ಇಳುದ್ರು. ಇಬ್ರೂ ಇಳುದ್ರು," ಎಂದಳು. ಅವನು ತಲೆಯಾಡಿಸಿದ.

ಚಿಕ್ಕನಾಯಕನಹಳ್ಳಿಯಲ್ಲಿ ನೆಂಟರ ಮದುವೆ ಮುಗಿಸಿ ಬರುತ್ತ ಒಂದು ದಿನ ಗಂಡ ಹೆಂಡತಿ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದರು. ಊರಿಗೆ ಹೋಗಲು ತಿಪಟೂರಿನ ಬಸ್ಸಿಗೆ ಕಾಯಬೇಕಿತ್ತು. ರಸ್ತೆಯ ಆಚೆ ಎಳನೀರಿನ ಗಾಡಿ ಇಟ್ಟುಕೊಂಡು ಜ್ಞಾನೇಶ್ ನಿಂತಿದ್ದ. ಅವನೂ ಅವರನ್ನು ನೋಡಿದ. ಈ ಸಲ ಮುಖ ತಿರುಗಿಸಲಿಲ್ಲ. ಕೈ ಬೀಸಿ ಕರೆದ.

ಹತ್ತಿರ ಹೋದಾಗ ಎರಡು ಎಳನೀರು ಕೊಚ್ಚಿ ಕೊಟ್ಟ. ಗಡ್ಡ ಬೆಳೆದಿತ್ತು. ಕಣ್ಣು ಒಳಕ್ಕೆ ಹೋಗಿದ್ದವು. ಮೂರನೆಯ ಕಾಯಿ ಕೈಗೆತ್ತಿಕೊಂಡು ಅದನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದ.

"ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬೇಕು ಕಣ್ಲಾ," ಎಂದ. "ಅವತ್ತು ಎರಡು ದಿನದ ಕೆಲ್ಸ ಒಂದೇ ಪಾಳೀಲಿ ಮುಗ್ಸು ಅಂದ್ರು. ಸಾಣೆಗೆ ಜೋರಾಗಿ ಕೊಟ್ಟೆ. ಪಿನ್ನು ಕೈಲಿ ಹಿಡಿಯಾಕಾಗ್ದಂಗೆ ಕಾದಿತ್ತು. ಆ ಬಿರುಕು... ನನ್ ಕೈಯಿಂದ ಆಗಿದ್ದೇನ್ಲಾ?"

ಶಿಲ್ಪ ಗಂಡನ ಮುಖ ನೋಡಿದಳು. ಒಂದು ಲಾರಿ ಹಾದುಹೋಯಿತು. ಅದರ ಧೂಳು ಇಳಿಯುವಷ್ಟರಲ್ಲಿ ಭೀಮರಾಜು ಎಳನೀರು ಕುಡಿದು ಮುಗಿಸಿದ.

"ಇಲ್ಲ ಕಣ್ಲಾ. ಉಕ್ಕಲ್ಲೇ ಇತ್ತಂತೆ. ಇಲ್ಲಿಗೆ ಬರೋವಾಗ್ಲೇ ಇತ್ತಂತೆ. ಆ ಇಂಜಿನಿಯರಮ್ಮನೇ ಹೇಳಿದ್ಲು."

"ನಿಜಾನಾ?"

"ನಿಜ. ಬುಡು ಅದನ್ನ."

ಜ್ಞಾನೇಶ್ ಕಾಯಿಯನ್ನು ಗಾಡಿಯ ಮೇಲಿಟ್ಟು, ಹೆಗಲ ಟವೆಲಿನಿಂದ ಮುಖ ಮುಚ್ಚಿ ಒರೆಸಿಕೊಂಡ. ತುಂಬ ಹೊತ್ತು ಒರೆಸಿಕೊಂಡ. ಬಸ್ಸು ಬಂತು. ಕಂಡಕ್ಟರ್ ಕೂಗಿದ. ಶಿಲ್ಪ ಮೊದಲು ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದಳು. ಭೀಮರಾಜು ಬಂದು ಪಕ್ಕದಲ್ಲಿ ಕೂತ. ಅವನ ಬಲಗೈ ತೊಡೆಯ ಮೇಲೆ ಮುಷ್ಟಿ ಕಟ್ಟಿತ್ತು. ಶಿಲ್ಪ ಅದರ ಮೇಲೆ ತನ್ನ ಕೈಯಿಟ್ಟಳು. ಬಸ್ಸು ತೋಟಗಳ ನಡುವೆ ಓಡುತ್ತಿತ್ತು. ಮರದ ಹಿಂದೆ ಮರ, ನೆರಳು ಬಿಸಿಲು, ನೆರಳು ಬಿಸಿಲು ಅವರ ಕೈಗಳ ಮೇಲೆ ಹಾಯುತ್ತಿತ್ತು. ಮುಷ್ಟಿ ಬಿಚ್ಚಲಿಲ್ಲ.